ವಿಜ್ಞಾನ ಸಂಘದ ದಾಖಲೆ: ಹೊಲಿದ ಪುಸ್ತಕವೋ, ಕಂಪ್ಯೂಟರ್ ಕಡತವೋ?

ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರಡಿ ನೋಂದಾಯಿತ ಸಂಘ ಪ್ರತಿವರ್ಷ ಆಡಳಿತ ಮಂಡಳಿಯ ಪಟ್ಟಿ ಮತ್ತು ಲೆಕ್ಕಪತ್ರ ಸಲ್ಲಿಸಬೇಕು. ಇವಕ್ಕೆ ಆಧಾರವಾಗುವ ದಾಖಲೆಗಳನ್ನು ಯಾವ ರೂಪದಲ್ಲಿಡುವುದು?

ಸಭಾ ನಡಾವಳಿಗೆ ಹೊಲಿದ, ಪುಟಸಂಖ್ಯೆ ಹಾಕಿದ ಪುಸ್ತಕವೇ ಮೇಲು. ಬಿಡಿ ಹಾಳೆ ಬದಲಾದರೆ ಗೊತ್ತಾಗದು. ಪುಸ್ತಕದಿಂದ ಕಿತ್ತರೆ ಸಂಖ್ಯೆ ತಪ್ಪಿ ಸಿಕ್ಕಿಬೀಳುತ್ತದೆ. ತಿದ್ದುಪಡಿಗೆ ಒಂದೇ ಗೆರೆ, ಪಕ್ಕದಲ್ಲಿ ಸಹಿ, ದಿನಾಂಕ; ವೈಟ್ನರ್ ಬೇಡವೇ ಬೇಡ. ಕರಾವಳಿ, ಮಲೆನಾಡಿನಲ್ಲಿ ತೇವ ಮತ್ತು ಗೆದ್ದಲಿನ ಕಾಟವಿದೆ: ಬೀರುವನ್ನು ಗೋಡೆಯಿಂದ ಸರಿಸಿಡಿ, ತುಕ್ಕು ಹಿಡಿಯುವ ಪಿನ್ನು ತೆಗೆಯಿರಿ. ಥರ್ಮಲ್ (ಶಾಖದಿಂದ ಅಚ್ಚಾಗುವ) ರಸೀದಿ ಮಾಸುತ್ತದೆ, ಜೆರಾಕ್ಸ್ ಮಾಡಿಸಿ ಲಗತ್ತಿಸಿ.

ಸದಸ್ಯರ ವಹಿಗೆ ಮಾತ್ರ ಎಕ್ಸೆಲ್ ಗೆಲ್ಲುತ್ತದೆ. ಚಂದಾ ಬಾಕಿ, ಮತದಾರರ ಪಟ್ಟಿ ನಿಮಿಷದಲ್ಲಿ ಸಿದ್ಧ. ಆದರೆ 0047 ಎಂಬ ಸದಸ್ಯ ಸಂಖ್ಯೆ ತಾನಾಗಿ 47 ಆಗುತ್ತದೆ. ತುಂಬುವ ಮೊದಲೇ ಆ ಕಾಲಂ ಅನ್ನು 'ಟೆಕ್ಸ್ಟ್' ಮಾಡಿ. 03-04-2024 (ಏಪ್ರಿಲ್ 3) ಕೆಲವು ಯಂತ್ರಗಳಲ್ಲಿ ಮಾರ್ಚ್ 4 ಆಗಬಹುದು, ಆದ್ದರಿಂದ 2024-04-03 ಎಂದೇ ಬರೆಯಿರಿ. 'ನುಡಿ' ಕನ್ನಡ ತಂತ್ರಾಂಶದ ಹಳೆಯ ಆಸ್ಕಿ ಅಕ್ಷರದಲ್ಲಿರುವ ಹೆಸರುಗಳು ಆ ಫಾಂಟ್ ಇಲ್ಲದಲ್ಲಿ ಗೋಜಲಾಗುತ್ತವೆ. ಎಲ್ಲ ಯಂತ್ರಗಳಿಗೂ ಸಾಮಾನ್ಯವಾದ ಯೂನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರಗಳನ್ನು ಕಣ್ಣಾರೆ ನೋಡಿ.

ಹೆಚ್ಚು ದಾಖಲೆ ಕಳೆಯುವುದು ಪದಾಧಿಕಾರಿ ಬದಲಾದಾಗ. ಕಾರ್ಯದರ್ಶಿಯ ಸ್ವಂತ ಇಮೇಲಿನಲ್ಲಿದ್ದರೆ ಮುಗಿಯಿತು. ಖಾತೆ ಸಂಘದ ಹೆಸರಲ್ಲಿರಲಿ, ಪಾಸ್‌ವರ್ಡ್ ಇಬ್ಬರಿಗೆ ಗೊತ್ತಿರಲಿ.

ಪತ್ರವ್ಯವಹಾರಕ್ಕೆ ಎರಡೂ: ಮೂಲಪ್ರತಿ ಕಡತದಲ್ಲಿ, 300 ಡಿಪಿಐ (ಇಂಚಿಗೆ 300 ಚುಕ್ಕೆ) ಸ್ಕ್ಯಾನ್ ಪಿಡಿಎಫ್/ಎ (ದೀರ್ಘಕಾಲ ಉಳಿಸಲೆಂದೇ ಇರುವ ಪಿಡಿಎಫ್) ರೂಪದಲ್ಲಿ, ಮೂರು ಪ್ರತಿ, ಅದರಲ್ಲೊಂದು ಬೇರೆ ಕಟ್ಟಡದಲ್ಲಿ.