ಕಂಪನಿಯದಲ್ಲದ ಲ್ಯಾಪ್‌ಟಾಪ್ ಚಾರ್ಜರ್: ಕಲಬುರಗಿಯಲ್ಲಿ ಯಾವುದು ಕೊಳ್ಳಬಹುದು, ಯಾವುದು ಬೇಡ

ಮದರ್‌ಬೋರ್ಡ್ ಎರಡನೇ ಸಲ ಕೈಕೊಟ್ಟಿತೆಂದರೆ ರಿಪೇರಿ ಅಂಗಡಿಯಲ್ಲಿ ಕೇಳುವ ಮೊದಲ ಪ್ರಶ್ನೆ ‘ಚಾರ್ಜರ್ ಒರಿಜಿನಲ್ಲಾ?’. ಅಲ್ಲ ಅಂದರೆ ಬೋರ್ಡ್ ಸುಟ್ಟಿದ್ದು ಚಾರ್ಜರೇ ಅಂತ ವಿಚಾರಣೆ ಅಲ್ಲಿಗೇ ಮುಗಿಯಿತು. ಪ್ರಶ್ನೆ ಸರಿಯಾದದ್ದೇ, ತೀರ್ಪು ಮಾತ್ರ ಅವಸರದ್ದು.

ಸೂಪರ್ ಮಾರ್ಕೆಟ್ ಕಡೆ 65 ವ್ಯಾಟಿನ ಅಡಾಪ್ಟರ್ (ಚಾರ್ಜರ್) ಕೇಳಿದರೆ ಬರುವ ಮಾಲು ಮೂರು ಬಗೆ: ಲ್ಯಾಪ್‌ಟಾಪ್ ಕಂಪನಿಯದೇ ಒಂದು, ಬೇರೆ ಬ್ರ್ಯಾಂಡು ತನ್ನ ಹೆಸರು ಹಾಕಿಕೊಂಡು ಮಾರುವುದು ಇನ್ನೊಂದು, ದೊಡ್ಡ ಕಂಪನಿಯ ಹೆಸರನ್ನೇ ಅಚ್ಚೊತ್ತಿದ ಡೂಪ್ಲಿಕೇಟ್ ಮೂರನೆಯದು. ಎರಡನೆಯದನ್ನು ಧೈರ್ಯವಾಗಿ ಕೊಳ್ಳಬಹುದು. ಮೂರನೆಯದು ಪುಕ್ಕಟೆ ಕೊಟ್ಟರೂ ಬೇಡ. ಹೆಸರಿನಲ್ಲೇ ಸುಳ್ಳು ಹೇಳುವವನು ಒಳಗಿನ ಕೆಪಾಸಿಟರ್ (ವಿದ್ಯುತ್ ಹಿಡಿದಿಟ್ಟು ಸಮ ಮಾಡುವ ಬಿಡಿಭಾಗ) ವಿಷಯದಲ್ಲಿ ಸತ್ಯ ಹೇಳುತ್ತಾನೆಂದು ನಂಬುವುದು ಹೇಗೆ?

ಚಾರ್ಜರನ್ನು ದೂರುವ ಮೊದಲು ಕೆಟ್ಟಿದ್ದು ಯಾವ ಭಾಗ ಅಂತ ನೋಡಿ. ಅಡಾಪ್ಟರಿನ 19.5 ವೋಲ್ಟ್ ಮೊದಲು ಜ್ಯಾಕ್ (ಪಿನ್ ಚುಚ್ಚುವ ತೂತು), ಆಮೇಲೆ ಮಾಸ್‌ಫೆಟ್‌ಗಳು (ಕರೆಂಟನ್ನು ಬಿಡುವ-ತಡೆಯುವ ಪುಟ್ಟ ಸ್ವಿಚ್ಚುಗಳು), ಬ್ಯಾಟರಿ ಚಾರ್ಜ್ ಮಾಡಿಸುವ ಚಿಪ್ಪಾದ ಚಾರ್ಜಿಂಗ್ ಐಸಿ ಇರುವ ಮುಖ್ಯ ಲೈನಿಗೆ ಬರುತ್ತದೆ. ಅಲ್ಲಿಂದ ಮುಂದೆ 5, 3.3 ವೋಲ್ಟ್, ಡಿಡಿಆರ್4 ರ್‍ಯಾಮಿಗೆ 1.2 ವೋಲ್ಟ್ ಇವನ್ನೆಲ್ಲ ಬೋರ್ಡೇ ತಯಾರಿಸಿಕೊಳ್ಳುತ್ತದೆ. ಹಾಗಾಗಿ ರ್‍ಯಾಮ್, ಎಸ್‌ಎಸ್‌ಡಿ, ಡಿಸ್‌ಪ್ಲೇ ಮಾತ್ರ ಹೋಗಿದ್ದರೆ ಚಾರ್ಜರ್ ಮೇಲೆ ಹಾಕುವ ಆರೋಪ ಬಹುತೇಕ ಸುಳ್ಳು. ಜ್ಯಾಕ್ ಸುಟ್ಟಿದ್ದರೆ, ಚಾರ್ಜಿಂಗ್ ಐಸಿ ಹೋಗಿದ್ದರೆ, ಮುಖ್ಯ ಲೈನಿನ ಸೆರಾಮಿಕ್ ಕೆಪಾಸಿಟರ್ ಶಾರ್ಟ್ ಆಗಿದ್ದರೆ ಅನುಮಾನಕ್ಕೆ ಕಾರಣ ಇದೆ. ಹೊರಬರುವ ವೋಲ್ಟೇಜನ್ನು ಹದ್ದುಬಸ್ತಿನಲ್ಲಿಡುವ ಆಪ್ಟೋ ಕಪ್ಲರ್ ಸರ್ಕ್ಯೂಟು ಅಗ್ಗದ ಅಡಾಪ್ಟರಿನಲ್ಲಿ ಕೆಟ್ಟರೆ ವೋಲ್ಟೇಜ್ ಮೇಲೇರುತ್ತದೆ. ಬೋರ್ಡಿನ ಬಾಗಿಲಲ್ಲಿರುವ ಕೆಪಾಸಿಟರುಗಳ ತಾಳಿಕೆ ಸಾಮಾನ್ಯವಾಗಿ 25 ವೋಲ್ಟ್, ಮಾಸ್‌ಫೆಟ್‌ಗಳದ್ದು 30.

ಇದರ ಮೇಲೆ ನಮ್ಮ ಬಿಸಿಲು. ಅಡಾಪ್ಟರ್ ಒಳಗಿರುವ ಎಲೆಕ್ಟ್ರೊಲಿಟಿಕ್ (ದ್ರವ ತುಂಬಿದ) ಕೆಪಾಸಿಟರಿನ ಬಿಸಿ 10 ಡಿಗ್ರಿ ಏರಿದರೆ ಆಯುಷ್ಯ ಸುಮಾರು ಅರ್ಧಕ್ಕಿಳಿಯುತ್ತದೆ. ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ ದಾಟಿರುವಾಗ ಅಡಾಪ್ಟರನ್ನು ಗಾದಿಯ ಮೇಲೆ, ದಿಂಬಿನ ಕೆಳಗೆ ಇಟ್ಟರೆ ಒರಿಜಿನಲ್ ಕೂಡ ಬಾಳುವುದಿಲ್ಲ. ಶಹಾಬಾದ್ ಕಲ್ಲಿನ ನೆಲದ ಮೇಲಿಡಿ, ಅಷ್ಟು ಸಾಕು.

ಡೆಲ್, ಎಚ್‌ಪಿ ಪಿನ್ನಿನ ನಡುವೆ ತೆಳ್ಳನೆ ಸೂಜಿಯಿರುವುದು ಚಾರ್ಜರ್ ಯಾವುದೆಂದು ಲ್ಯಾಪ್‌ಟಾಪಿಗೆ ಗುರುತು ಹೇಳಲಿಕ್ಕೆ. ಡೆಲ್‌ನಲ್ಲಿ ಆ ಗುರುತು ಸಿಗದಿದ್ದರೆ ಲ್ಯಾಪ್‌ಟಾಪ್ ಆನ್ ಆಗುತ್ತದೆ, ಬ್ಯಾಟರಿ ಮಾತ್ರ ಚಾರ್ಜ್ ಆಗುವುದಿಲ್ಲ, ಪ್ರೊಸೆಸರ್ ವೇಗವೂ ಇಳಿಯುತ್ತದೆ. ಇದನ್ನೇ ‘ಬೋರ್ಡ್ ಹೋಗಿದೆ’ ಅಂತ ಹೇಳಿ ದುಡ್ಡು ಕೀಳುವವರಿದ್ದಾರೆ. ಸೂಜಿ ಬಾಗಿ 19.5 ವೋಲ್ಟಿನ ಭಾಗಕ್ಕೆ ತಾಗಿದರೆ ಮಾತ್ರ ಬೋರ್ಡಿಗೆ ನಿಜವಾದ ಅಪಾಯ.

ಅಡಾಪ್ಟರ್ ಪರೀಕ್ಷೆಗೆ ಮಲ್ಟಿಮೀಟರನ್ನು 200 ವೋಲ್ಟ್ ಡಿಸಿಗೆ ಇಡಿ. ಲೆನೊವೊದ 20 ವೋಲ್ಟಿಗೆ 20ರ ರೇಂಜ್ ಸಾಲುವುದಿಲ್ಲ. ಲೋಡ್ (ಭಾರ) ಇಲ್ಲದೆ ಬರುವ ಓದಿನಿಂದ ಅರ್ಧ ಸತ್ಯವಷ್ಟೇ ಗೊತ್ತಾಗುತ್ತದೆ. ಕಾರಿನ 12 ವೋಲ್ಟ್, 21 ವ್ಯಾಟಿನ ಇಂಡಿಕೇಟರ್ ಬಲ್ಬ್ ನಾಲ್ಕು ತನ್ನಿ. ಎರಡೆರಡನ್ನು ಸೀರೀಸ್‌ನಲ್ಲಿ (ಒಂದರ ಹಿಂದೊಂದು) ಜೋಡಿಸಿ, ಅಡಾಪ್ಟರಿಗೆ ಕೊಟ್ಟ ಒಂದು ಜೋಡಿ ಹತ್ತಿದ ಮೇಲೆ ಇನ್ನೊಂದನ್ನು ಅದೇ ಎರಡು ತುದಿಗಳಿಗೆ ಪ್ಯಾರಲಲ್ ಕೊಡಿ. ಸುಮಾರು 3 ಆಂಪಿಯರ್ ಎಳೆಯುತ್ತದೆ, 65 ವ್ಯಾಟಿನ ಅಡಾಪ್ಟರಿಗೆ ಹೆಚ್ಚುಕಡಿಮೆ ಪೂರ್ತಿ ಭಾರ. ತಣ್ಣಗಿನ ಬಲ್ಬು ಮೊದಲ ಕ್ಷಣ ಜಾಸ್ತಿ ಎಳೆಯುವುದರಿಂದ ಒಮ್ಮೆ ಮಿಣುಕಿದರೆ ಗಾಬರಿ ಬೇಡ. ಹತ್ತು ನಿಮಿಷದ ಮೇಲೂ 18.5ರಿಂದ 20.5 ವೋಲ್ಟಿನೊಳಗೆ ನಿಂತರೆ ಪಾಸು. 17ಕ್ಕೆ ಕುಸಿದರೆ, ಸುಟ್ಟ ವಾಸನೆ ಬಂದರೆ, ಲೇಬಲಿನ ಮೇಲಿನ 65 ಬರೀ ಅಲಂಕಾರ. ಬಲ್ಬು ಕೈಸುಡುತ್ತವೆ, ಜೋಕೆ.

ಚಾರ್ಜರ್ ಬದಲಿಸಿದರೂ ಮತ್ತೆ ಮತ್ತೆ ಪೋರ್ಟ್ ಹೋಗುತ್ತಿದ್ದರೆ ಗೋಡೆಯ ಸಾಕೆಟ್ ನೋಡಿ. ಅರ್ಥಿಂಗ್ ಇಲ್ಲದಿದ್ದರೆ ಅಡಾಪ್ಟರ್ ಒಳಗಿನ ವೈ ಕೆಪಾಸಿಟರ್ ಮೂಲಕ ಸೋರುವ ಅಲ್ಪ ಕರೆಂಟು ಲ್ಯಾಪ್‌ಟಾಪಿನ ಲೋಹದ ಮೈಗೆ ಬಂದು ಝುಂ ಅನ್ನುತ್ತದೆ. ಆ ಸ್ಥಿತಿಯಲ್ಲಿ ಟಿವಿಗೆ ಎಚ್‌ಡಿಎಂಐ ಚುಚ್ಚಿದರೆ ಪೋರ್ಟ್ ಸಾಯಬಹುದು, ಚಾರ್ಜರ್ ಒರಿಜಿನಲ್ ಆಗಿದ್ದರೂ. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎಸಿ 5 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಎಲೆಕ್ಟ್ರಿಶಿಯನ್‌ನ ಕರೆಸಿ. ಬೇಸಿಗೆಯಲ್ಲಿ ಅರ್ಥ್ ಗುಂಡಿ ಒಣಗುತ್ತದೆ, ನೀರು ಹಾಕುತ್ತಿರಬೇಕು. ಡೂಪ್ಲಿಕೇಟ್ ಕೇಬಲ್‌ಗಳಲ್ಲಿ ಮೂರನೇ (ಅರ್ಥ್) ಪಿನ್ ಇದ್ದರೂ ಒಳಗೆ ತಂತಿಯಿಲ್ಲದ್ದು ಸಿಗುತ್ತದೆ, ಕಂಟಿನ್ಯುಟಿ (ತಂತಿ ಈ ತುದಿಯಿಂದ ಆ ತುದಿಗೆ ಮುರಿಯದೆ ಇದೆಯೇ ಅಂತ) ನೋಡಿಯೇ ತೆಗೆದುಕೊಳ್ಳಿ.

ಟೈಪ್-ಸಿ ಆದರೆ ಚಾರ್ಜರೂ ಲ್ಯಾಪ್‌ಟಾಪೂ ಮಾತಾಡಿಕೊಂಡೇ 5ರಿಂದ 20 ವೋಲ್ಟಿಗೆ ಏರುವುದು, ಹಾಗಾಗಿ ಒಳ್ಳೆಯ ಬೇರೆ ಬ್ರ್ಯಾಂಡಿಗೆ ಹೆದರಬೇಕಿಲ್ಲ. 60 ವ್ಯಾಟ್ ದಾಟಿದರೆ 5 ಆಂಪಿಯರಿನ ಕೇಬಲ್ ಬೇಕು.

ಅಂಗಡಿಯಲ್ಲಿ ಅಡಾಪ್ಟರಿನ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತು, ಐಎಸ್ 13252ರಂಥ ಸುರಕ್ಷತಾ ಮಾನಕದ ನಂಬರ್, ‘ಆರ್’ ಅಕ್ಷರದ ನಂತರ ಎಂಟು ಅಂಕಿ ಇವೆಯೇ ನೋಡಿ, ನಂಬರನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ. ಬರುವ ಕಂಪನಿ ಹೆಸರು, ಬ್ರ್ಯಾಂಡ್ ಲೇಬಲಿಗೆ ತಾಳೆಯಾಗಬೇಕು. ವೋಲ್ಟ್ ಹಳೆಯದರಷ್ಟೇ ಇರಲಿ. ಆಂಪಿಯರ್ ಹೆಚ್ಚಿದ್ದರೆ ತೊಂದರೆಯಿಲ್ಲ, ಕಡಿಮೆ ಬೇಡ. ಪಿನ್ ಜ್ಯಾಕಿನಲ್ಲಿ ಅಲುಗಾಡಿದರೆ ವಾಪಸ್ ಕೊಡಿ, ಸಡಿಲ ಪಿನ್ನಿನ ಕಿಡಿಯೇ ಜ್ಯಾಕ್ ಸುಡುವುದು. ಬಿಲ್ಲಿನಲ್ಲಿ ಮಾಡೆಲ್ ನಂಬರ್ ಬರೆಸಿಕೊಳ್ಳಿ, ಇಲ್ಲದಿದ್ದರೆ ವಾರಂಟಿ ಬರೀ ಬಾಯಿಮಾತು.