ಕೈಕೊಟ್ಟ ಲ್ಯಾಪ್‌ಟಾಪ್, ಹೆಸರಿಲ್ಲದ ಕಡತಗಳು: ಡಿಡಿರೆಸ್ಕ್ಯೂ ಮತ್ತು ಫೋಟೋರೆಕ್ ಬಳಕೆಯ ವಿಮರ್ಶೆ

ಹಾಳಾದ ಡಿಸ್ಕಿನಿಂದ ಕಡತಗಳನ್ನು ಹೊರತೆಗೆದುಕೊಡುವುದಾಗಿ ಹೇಳುವ ತಂತ್ರಾಂಶಗಳು ಇಂದು ಹೇರಳವಾಗಿವೆ. ಅವುಗಳಲ್ಲಿ ಅನೇಕವು ಸಿಕ್ಕಿದ ಕಡತಗಳ ಪಟ್ಟಿಯನ್ನು ಉಚಿತವಾಗಿ ತೋರಿಸಿ, ಉಳಿಸಿಕೊಳ್ಳಲು ಹೊರಟಾಗ ಹಣ ಕೇಳುತ್ತವೆ. ನಾನು ಇಲ್ಲಿ ವಿಮರ್ಶಿಸುತ್ತಿರುವ ಎರಡು ತಂತ್ರಾಂಶಗಳು, ಅಂದರೆ ಗ್ನೂ ಎಂಬ ಮುಕ್ತ ತಂತ್ರಾಂಶ ಯೋಜನೆಗೆ ಸೇರಿದ ಡಿಡಿರೆಸ್ಕ್ಯೂ ಮತ್ತು ಕ್ರಿಸ್ಟೋಫ್ ಗ್ರೆನಿಯೇ ಅವರು ರೂಪಿಸಿದ ಫೋಟೋರೆಕ್, ಪೂರ್ಣವಾಗಿ ಉಚಿತವಾಗಿರುವ ಮುಕ್ತ ತಂತ್ರಾಂಶಗಳು. ಇವೆರಡನ್ನೂ ಸರಿಯಾದ ಅನುಕ್ರಮದಲ್ಲಿ ಬಳಸಿದರೆ ದುಬಾರಿ ತಂತ್ರಾಂಶಗಳು ಮಾಡುವ ಕೆಲಸದ ಬಹುಪಾಲನ್ನು ಇವೇ ಮಾಡುತ್ತವೆ ಎಂಬುದು ನನ್ನ ಅಭಿಪ್ರಾಯ. ಆದರೆ ಕನ್ನಡದಲ್ಲಿ ಬರೆಯುವವರಿಗೆ, ಅದರಲ್ಲೂ ‘ನುಡಿ’ ಎಂಬ ಕನ್ನಡ ಬರವಣಿಗೆ ತಂತ್ರಾಂಶದ ಹಳೆಯ ಕಡತಗಳನ್ನು ಇಟ್ಟುಕೊಂಡಿರುವವರಿಗೆ, ಈ ತಂತ್ರಾಂಶಗಳು ಕೆಲಸ ಮುಗಿಸಿದ ಮೇಲೆ ಇನ್ನೊಂದು ದೊಡ್ಡ ಕೆಲಸ ಉಳಿಯುತ್ತದೆ. ಅದರ ಬಗ್ಗೆ ಯಾವ ಕೈಪಿಡಿಯೂ ಹೇಳಿದ್ದನ್ನು ನಾನು ಕಂಡಿಲ್ಲವಾದ್ದರಿಂದ ಈ ವಿಮರ್ಶೆಯ ಒಂದು ಮುಖ್ಯ ಭಾಗವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ.

ನನ್ನ ಲ್ಯಾಪ್‌ಟಾಪ್‌ನಲ್ಲಿದ್ದದ್ದು 1 ಟಿಬಿ ಸಾಮರ್ಥ್ಯದ, ತಿರುಗುವ ತಟ್ಟೆಯ ಹಾರ್ಡ್ ಡಿಸ್ಕ್. ಮೊದಲು ಫೋಲ್ಡರ್‌ಗಳು ತೆರೆಯುವುದು ನಿಧಾನವಾಯಿತು. ಬಳಿಕ ಕೆಲವು ಕಡತಗಳನ್ನು ಮುಟ್ಟಿದರೆ ಇಡೀ ಯಂತ್ರವೇ ಸ್ತಬ್ಧವಾಗತೊಡಗಿತು, ಕೊನೆಗೆ ವಿಂಡೋಸ್ ಆರಂಭವಾಗುವುದೇ ನಿಂತಿತು. ಅದರೊಳಗೆ ಲೇಖನಗಳ ಕರಡುಗಳು, ಊರಿನ ಹಿರಿಯ ಹೆಂಗಸರು ಹಾಡಿದ ಸೋಬಾನೆ ಪದಗಳ ಧ್ವನಿಮುದ್ರಣ ಮತ್ತು ಅವುಗಳ ಲಿಪ್ಯಂತರ, ಕುಟುಂಬದ ಛಾಯಾಚಿತ್ರಗಳು ಇದ್ದವು. ಹಾಡಿದವರಲ್ಲಿ ಕೆಲವರು ಈಗ ಇಲ್ಲವಾದ್ದರಿಂದ ಆ ಮುದ್ರಣವನ್ನು ಮತ್ತೊಮ್ಮೆ ಮಾಡಿಕೊಳ್ಳುವ ದಾರಿಯಿರಲಿಲ್ಲ. ಸರ್ವಿಸ್ ಸೆಂಟರಿನವರು ಹೊಸ ಡಿಸ್ಕ್ ಹಾಕಿಕೊಡಲು ಒಪ್ಪಿದರೇ ಹೊರತು ಒಳಗಿನ ಮಾಹಿತಿಗೆ ತಾವು ಜವಾಬ್ದಾರರಲ್ಲ ಎಂದು ಸ್ಪಷ್ಟವಾಗಿ ಹೇಳಿದರು. ವಾರಂಟಿ ಎಂಬುದು ಯಂತ್ರಕ್ಕೆ ಮಾತ್ರ ಸಲ್ಲುವಂಥದ್ದು, ಅದರೊಳಗಿನ ಬರಹಕ್ಕಲ್ಲ. ಹಳೆಯ ಡಿಸ್ಕನ್ನು ಮರಳಿ ಕೊಡಲೇಬೇಕೆಂದು ಕೇಳಿ ಪಡೆದುಕೊಂಡದ್ದರಿಂದ ಮುಂದಿನ ಎಲ್ಲ ಪ್ರಯತ್ನವೂ ಸಾಧ್ಯವಾಯಿತು.

ಯಾವ ತಂತ್ರಾಂಶವನ್ನೂ ಮುಟ್ಟುವ ಮೊದಲು ಡಿಸ್ಕ್ ಯಾವ ಬಗೆಯಲ್ಲಿ ಕೆಟ್ಟಿದೆ ಎಂಬುದನ್ನು ತಿಳಿಯಬೇಕು. ಒಳಗಿನಿಂದ ಲಯಬದ್ಧವಾಗಿ ಟಕ್ ಟಕ್ ಎಂಬ ಸದ್ದು ಬರುತ್ತಿದ್ದರೆ ಓದುವ ಹೆಡ್ ಕೆಟ್ಟಿರುವ ಸಾಧ್ಯತೆ ಹೆಚ್ಚು. ಹೆಡ್ ಎಂಬುದು ತಟ್ಟೆಯಿಂದ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುವ ಭಾಗ. ಅದು ತಟ್ಟೆಯನ್ನು ಉಜ್ಜತೊಡಗಿದರೆ ಪ್ರತಿ ಸುತ್ತಿನಲ್ಲೂ ಮಾಹಿತಿ ಅಳಿಯುತ್ತದೆ. ಅಂಥ ಡಿಸ್ಕಿಗೆ ತಕ್ಷಣ ವಿದ್ಯುತ್ ನಿಲ್ಲಿಸಿ, ಧೂಳುರಹಿತ ಕೋಣೆಯಿರುವ ತಜ್ಞರ ಬಳಿಗೆ ಒಯ್ಯಬೇಕು. ಈ ವಿಮರ್ಶೆಯ ತಂತ್ರಾಂಶಗಳು ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಅಪಾಯವನ್ನೂ ತರಬಹುದು. ನನ್ನ ಡಿಸ್ಕಿನಲ್ಲಿ ಸದ್ದಿರಲಿಲ್ಲ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿಯ 197ನೆಯ ಅಂಶದಲ್ಲಿ, ಎಂದರೆ ಓದಲಾಗದೆ ತೀರ್ಮಾನಕ್ಕೆ ಕಾದಿರುವ ಸೆಕ್ಟರುಗಳ (ಡಿಸ್ಕಿನ ಸಣ್ಣ ಸಣ್ಣ ತುಣುಕುಗಳ) ಲೆಕ್ಕದಲ್ಲಿ, ಸಂಖ್ಯೆ ಏರುತ್ತಲೇ ಇತ್ತು. ಡಿಡಿರೆಸ್ಕ್ಯೂ ಹುಟ್ಟಿರುವುದೇ ಇಂಥ ಡಿಸ್ಕುಗಳಿಗಾಗಿ.

ಆಂಟೋನಿಯೋ ಡಿಯಾಸ್ ಡಿಯಾಸ್ ಅವರು ಬರೆದ ಈ ತಂತ್ರಾಂಶಕ್ಕೆ ಕಿಟಕಿಯಿಲ್ಲ, ಗುಂಡಿಗಳಿಲ್ಲ. ಆದೇಶಗಳನ್ನು ಟೈಪಿಸುವ ಟರ್ಮಿನಲ್ ಎಂಬ ಪರದೆಯಲ್ಲಿ ಒಂದು ಸಾಲಿನ ಕಮಾಂಡ್ ಕೊಡಬೇಕು, ಅಷ್ಟೆ. ಅದು ಕಡತಗಳನ್ನು ಹುಡುಕುವುದಿಲ್ಲ, ಗುರುತಿಸುವುದೂ ಇಲ್ಲ. ಕೆಟ್ಟ ಡಿಸ್ಕಿನ ಪ್ರತಿಯೊಂದು ಸೆಕ್ಟರನ್ನೂ ಇನ್ನೊಂದು ಡಿಸ್ಕಿನಲ್ಲಿರುವ ಒಂದೇ ಬೃಹತ್ ಇಮೇಜ್ ಕಡತಕ್ಕೆ ನಕಲು ಮಾಡುತ್ತದೆ. ಇದರಲ್ಲಿರುವ ವಿವೇಕವೆಲ್ಲ ನಕಲಿನ ಕ್ರಮದಲ್ಲಿದೆ. ಸಾಮಾನ್ಯ ನಕಲು ಕೆಟ್ಟ ಜಾಗಕ್ಕೆ ಬಂದೊಡನೆ ಅಲ್ಲಿಯೇ ಹೆಣಗುತ್ತ ಕುಳಿತು, ಅಷ್ಟರಲ್ಲಿ ಡಿಸ್ಕ್ ಪೂರ್ತಿ ಸಾಯುವಂತೆ ಮಾಡಿಬಿಡಬಹುದು. ಡಿಡಿರೆಸ್ಕ್ಯೂ ಹಾಗಲ್ಲ. ಕೆಟ್ಟ ಜಾಗ ಎದುರಾದರೆ ಅದನ್ನು ಹಾರಿ ಮುಂದೆ ಹೋಗುತ್ತದೆ, ಸುಲಭವಾಗಿ ಸಿಗುವುದನ್ನೆಲ್ಲ ಮೊದಲು ಭದ್ರಪಡಿಸುತ್ತದೆ, ಆಮೇಲೆ ಬಿಟ್ಟುಹೋದ ಜಾಗಗಳ ಅಂಚುಗಳನ್ನು ಓದುತ್ತದೆ, ಕಟ್ಟಕಡೆಗೆ ಉಳಿದ ಭಾಗವನ್ನು ಒಂದೊಂದೇ ಸೆಕ್ಟರಾಗಿ ಕೆರೆದು ತೆಗೆಯುತ್ತದೆ. ಎಲ್ಲಿಯವರೆಗೆ ಓದಿತು, ಯಾವುದು ಸಿಕ್ಕಿತು, ಯಾವುದು ಸಿಗಲಿಲ್ಲ ಎಂಬುದನ್ನೆಲ್ಲ ಕಮಾಂಡಿನಲ್ಲಿ ನಾವು ಹೆಸರಿಸಿದ ಮ್ಯಾಪ್‌ಫೈಲ್ ಎಂಬ ಸಣ್ಣ ಕಡತದಲ್ಲಿ ಬರೆದಿಡುತ್ತದೆ. ನಡುವೆ ಕರೆಂಟ್ ಹೋದರೂ, ಡಿಸ್ಕ್ ಬಿಸಿಯಾಗಿದೆಯೆಂದು ನಾವೇ ನಿಲ್ಲಿಸಿದರೂ, ಅದೇ ಕಮಾಂಡನ್ನು ಮತ್ತೆ ಕೊಟ್ಟರೆ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ವಿದ್ಯುತ್ ಪೂರೈಕೆ ನೆಚ್ಚಲಾಗದ ಊರಿನಲ್ಲಿ ಕುಳಿತು ದಿನಗಟ್ಟಲೆ ನಡೆಯುವ ನಕಲನ್ನು ಕಾಯುವವರಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೆ ಇಲ್ಲ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಈ ತಂತ್ರಾಂಶ ಮೂಲ ಡಿಸ್ಕ್ ಯಾವುದು, ಗುರಿ ಯಾವುದು ಎಂದು ನಾವು ಬರೆದದ್ದನ್ನು ಅಕ್ಷರಶಃ ನಂಬುತ್ತದೆ. ಎರಡನ್ನೂ ಅದಲುಬದಲು ಮಾಡಿ ಬರೆದರೆ ಉಳಿಸಬೇಕಾದದ್ದೇ ಅಳಿಯಬಹುದು. ಸಾಮರ್ಥ್ಯ ಮತ್ತು ಮಾದರಿ ಸಂಖ್ಯೆಯನ್ನು ನೋಡಿ ಡಿಸ್ಕನ್ನು ಖಚಿತಪಡಿಸಿಕೊಂಡ ಮೇಲೆಯೇ ಎಂಟರ್ ಒತ್ತಬೇಕು. ಸಿಸ್ಟಮ್‌ರೆಸ್ಕ್ಯೂ ಎಂಬ ಲಿನಕ್ಸ್ ಆವೃತ್ತಿಯನ್ನು ಪೆನ್ ಡ್ರೈವ್‌ಗೆ ಹಾಕಿಕೊಂಡು ಅದರಿಂದ ಕಂಪ್ಯೂಟರನ್ನು ಆರಂಭಿಸಿದರೆ ಡಿಡಿರೆಸ್ಕ್ಯೂ, ಫೋಟೋರೆಕ್ ಎರಡೂ ಅದರಲ್ಲಿಯೇ ಸಿಗುತ್ತವೆ. ಕೆಟ್ಟ ಡಿಸ್ಕನ್ನು ಇನ್ನೊಂದು ಕಂಪ್ಯೂಟರಿಗೆ ಜೋಡಿಸುವ ಯುಎಸ್‌ಬಿ ಸಾಟಾ ಕೇಬಲ್ ಬೆಂಗಳೂರಿನ ಎಸ್‌ಪಿ ರಸ್ತೆಯಂಥ ಕಡೆ ಸುಲಭವಾಗಿ ದೊರೆಯುತ್ತದೆ.

ಇಮೇಜ್ ಸಿದ್ಧವಾದ ಮೇಲೆ ಬಹಳ ಮಂದಿ ನೇರವಾಗಿ ಫೋಟೋರೆಕ್ ಓಡಿಸುತ್ತಾರೆ. ಹಾಗೆ ಮಾಡಬಾರದು ಎಂಬುದು ನನ್ನ ದೃಢವಾದ ಸಲಹೆ. ಇಮೇಜನ್ನು ಮೊದಲು ಓದಲು ಮಾತ್ರ ಅನುಮತಿಯಿರುವ ರೀತಿಯಲ್ಲಿ ತೆರೆದು ನೋಡಬೇಕು. ತೆರೆಯದಿದ್ದರೆ, ಫೋಟೋರೆಕ್ ಜೊತೆಯಲ್ಲಿಯೇ ಬರುವ ಟೆಸ್ಟ್‌ಡಿಸ್ಕ್ ಮೂಲಕ ಪಾರ್ಟಿಷನ್ನನ್ನು (ಡಿಸ್ಕಿನ ವಿಭಾಗವನ್ನು) ಹುಡುಕಿಸಿ ಅದರೊಳಗಿನ ಕಡತಗಳ ಪಟ್ಟಿಯನ್ನು ನೋಡಬೇಕು. ವಿಂಡೋಸ್ ಬಳಸುವ ಎನ್‌ಟಿಎಫ್‌ಎಸ್ ವ್ಯವಸ್ಥೆಯಲ್ಲಿ ಪ್ರತಿ ಕಡತದ ಹೆಸರು, ದಿನಾಂಕ, ಡಿಸ್ಕಿನಲ್ಲಿ ಅದು ಇರುವ ಜಾಗ ಎಲ್ಲವೂ ಮಾಸ್ಟರ್ ಫೈಲ್ ಟೇಬಲ್ ಎಂಬ ಕೋಷ್ಟಕದಲ್ಲಿರುತ್ತವೆ. ಆ ಕೋಷ್ಟಕದ ಎಷ್ಟು ಭಾಗ ಉಳಿದಿರುತ್ತದೋ ಅಷ್ಟು ಕಡತಗಳು ಹೆಸರಿನ ಸಮೇತ, ಫೋಲ್ಡರಿನ ಸಮೇತ ಮರಳಿ ಬರುತ್ತವೆ. ನನ್ನ ಛಾಯಾಚಿತ್ರಗಳಲ್ಲಿ ಹೆಚ್ಚಿನವು, ಸೋಬಾನೆ ಪದಗಳ ಧ್ವನಿಮುದ್ರಣಗಳು ಪೂರ್ತಿಯಾಗಿ, ಈ ಹಂತದಲ್ಲಿಯೇ ಸಿಕ್ಕಿದವು. ಲಿಪ್ಯಂತರಗಳ ಮತ್ತು ಕರಡುಗಳ ಫೋಲ್ಡರ್‌ಗಳು ಮಾತ್ರ ಪಟ್ಟಿಯಲ್ಲಿ ಕಾಣಿಸಲಿಲ್ಲ.

ಫೋಟೋರೆಕ್ ಕೆಲಸಕ್ಕೆ ಬರುವುದು ಇಂಥ ಉಳಿಕೆಗೆ. ಅದು ಆ ಕೋಷ್ಟಕವನ್ನು ನಂಬುವುದೇ ಇಲ್ಲ. ಡಿಸ್ಕಿನ ಕಚ್ಚಾ ಬೈಟುಗಳನ್ನು ಓದುತ್ತ ಹೋಗಿ, ಪ್ರತಿ ಬಗೆಯ ಕಡತದ ಆರಂಭದಲ್ಲಿರುವ ಗುರುತನ್ನು ಹುಡುಕುತ್ತದೆ. ಜೆಪೆಗ್ ಚಿತ್ರವಾದರೆ ಎಫ್‌ಎಫ್ ಡಿ8 ಎಫ್‌ಎಫ್ ಎಂಬ ಬೈಟುಗಳು, ಪಿಡಿಎಫ್ ಆದರೆ ಶೇಕಡಾ ಚಿಹ್ನೆಯ ಮುಂದೆ ಪಿಡಿಎಫ್ ಎಂಬ ಅಕ್ಷರಗಳು, ವರ್ಡ್‌ನ ಡಾಕ್ಸ್ ಕಡತವಾದರೆ ಜಿಪ್ ಕಡತಗಳಿಗೆಲ್ಲ ಸಾಮಾನ್ಯವಾದ ಪಿಕೆ ಎಂಬ ಗುರುತು. ಹೀಗೆ ನೂರಾರು ಬಗೆಯ ಕಡತಗಳನ್ನು ಅದು ಬಲ್ಲದು. ಪಟ್ಟಿಯಲ್ಲಿಲ್ಲದ ಬಗೆಯಾದರೆ ಅದರ ಗುರುತನ್ನು ನಾವೇ ಕಲಿಸಿಕೊಡಬಹುದು. ಮೂಲವನ್ನು ಅದು ಓದುತ್ತದೆಯೇ ಹೊರತು ಅದರ ಮೇಲೆ ಏನನ್ನೂ ಬರೆಯುವುದಿಲ್ಲ.

ಆದರೆ ಹೊರಬರುವ ಕಡತಗಳಿಗೆ ಹೆಸರಿರುವುದಿಲ್ಲ. ರೆಕಪ್ ಡಿರ್ ಎಂಬ ಸಂಖ್ಯೆಯುಳ್ಳ ಫೋಲ್ಡರ್‌ಗಳಲ್ಲಿ, ಎಫ್ ಅಕ್ಷರದ ಮುಂದೆ ಉದ್ದನೆಯ ಅಂಕಿ ಹೊತ್ತ ಕಡತಗಳು ಸಾವಿರಗಟ್ಟಲೆ ಬಂದು ಕೂರುತ್ತವೆ. ಬ್ರೌಸರ್ ಎಂದೋ ಉಳಿಸಿಕೊಂಡಿದ್ದ ಸಣ್ಣ ಚಿತ್ರಗಳು, ವಿಂಡೋಸಿನ ಸ್ವಂತ ಕಡತಗಳು, ಹಿಂದೆಯೇ ಅಳಿಸಿದ ಕರಡುಗಳು ಎಲ್ಲವೂ ಕಲೆತುಹೋಗಿರುತ್ತವೆ. ದಾರ ಕಡಿದು ಗರಿಗಳೆಲ್ಲ ಚದುರಿದ ಓಲೆಗರಿಯ ಕಟ್ಟನ್ನು ಸಂಪಾದಕರು ಒಳಗಿನ ಪಾಠವನ್ನು ಓದಿಯೇ ಜೋಡಿಸುವಂತೆ, ಇಲ್ಲಿಯೂ ಒಳಗಿನ ಬರಹವನ್ನು ಓದಿಯೇ ಯಾವುದು ಯಾವುದೆಂದು ಗುರುತಿಸಬೇಕು. ಒಂದು ಸಣ್ಣ ಸಹಾಯ ಮಾತ್ರ ಇದೆ. ಆ ಉದ್ದನೆಯ ಅಂಕಿಯು ಕಡತ ಆರಂಭವಾಗುವ ಸೆಕ್ಟರಿನ ಸಂಖ್ಯೆ. ಒಂದೇ ಸಲಕ್ಕೆ ನಕಲು ಮಾಡಿದ್ದ ಕಡತಗಳು ಡಿಸ್ಕಿನಲ್ಲಿ ಅಕ್ಕಪಕ್ಕ ಕುಳಿತಿರುವ ಸಾಧ್ಯತೆ ಇರುವುದರಿಂದ, ಬೇಕಾದ ಒಂದು ಕಡತ ಸಿಕ್ಕಿದರೆ ಅದರ ಆಚೀಚೆಯ ಅಂಕಿಗಳನ್ನೂ ತೆರೆದು ನೋಡುವುದು ಲಾಭಕರ.

ಕನ್ನಡದ ಸಮಸ್ಯೆ ಎದುರಾಗುವುದು ಈ ಓದುವ ಕೆಲಸದಲ್ಲಿ. ಸಾವಿರಾರು ಕಡತಗಳನ್ನು ಒಂದೊಂದಾಗಿ ತೆರೆಯುವುದು ಆಗದ ಮಾತು, ಪದವೊಂದನ್ನು ಕೊಟ್ಟು ಹುಡುಕಬೇಕು. ಡಾಕ್ಸ್ ಕಡತದೊಳಗಿನ ಪಠ್ಯ ಕುಗ್ಗಿಸಿದ ರೂಪದಲ್ಲಿರುವುದರಿಂದ ನೇರ ಹುಡುಕಾಟಕ್ಕೆ ಸಿಗುವುದಿಲ್ಲ. ನಾನು ಲಿಬ್ರೆ ಆಫೀಸಿನ ಕಮಾಂಡ್ ಸೌಲಭ್ಯದಿಂದ ಎಲ್ಲ ಡಾಕ್ ಮತ್ತು ಡಾಕ್ಸ್ ಕಡತಗಳನ್ನು ಒಟ್ಟಿಗೆ ಸರಳ ಪಠ್ಯಕ್ಕೆ ಪರಿವರ್ತಿಸಿ, ಆ ಪಠ್ಯಗಳಲ್ಲಿ ‘ಸೋಬಾನೆ’, ‘ಆರತಿ’, ‘ಬೀಗರು’ ಮುಂತಾದ ಪದಗಳನ್ನು ಗ್ರೆಪ್ ಎಂಬ ಹುಡುಕುವ ಕಮಾಂಡ್ ಮೂಲಕ ಹುಡುಕಿದೆ. ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತಗಳಿರುವ ಯೂನಿಕೋಡ್‌ನಲ್ಲಿ ಬರೆದಿದ್ದ ಲಿಪ್ಯಂತರಗಳು ಹೀಗೆ ಬೇಗನೆ ಬೇರೆಯಾದವು. ಹುಡುಕುವ ಪದವನ್ನು ಆರಿಸುವಾಗ, ಅಕ್ಷರಗಳನ್ನು ಬಿಡಿಸಿ ತೋರಿಸಲು ನಡುವೆ ಕಣ್ಣಿಗೆ ಕಾಣದ ಚಿಹ್ನೆಯನ್ನು ಬಳಸುವ ‘ಸಾಫ್ಟ್‌ವೇರ್’ನಂಥ ಪದಗಳನ್ನು ಬಿಡುವುದು ಒಳ್ಳೆಯದು. ಆ ಚಿಹ್ನೆ ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದಿದ್ದರೆ ಎರಡೂ ಬೇರೆ ಪದಗಳೆಂದೇ ಕಂಪ್ಯೂಟರ್ ತಿಳಿಯುತ್ತದೆ.

ಹಳೆಯ ನುಡಿ ಕಡತಗಳ ಕಥೆಯೇ ಬೇರೆ. ಯೂನಿಕೋಡ್‌ಗೆ ಮುಂಚಿನ ನುಡಿ ಫಾಂಟುಗಳಲ್ಲಿ ಕನ್ನಡ ಕಾಣಿಸುವುದು ಫಾಂಟಿನ ದೆಸೆಯಿಂದ ಮಾತ್ರ. ಕಡತದೊಳಗೆ ಇರುವುದು ಲ್ಯಾಟಿನ್ ಅಕ್ಷರಗಳ ಮತ್ತು ಚಿಹ್ನೆಗಳ ಸಂಕೇತಗಳು. ‘ಕನ್ನಡ’ ಎಂಬ ಪದವು ಪಿ, ತಲೆಯ ಮೇಲೆ ಗೀಟಿರುವ ಎ, ಪೌಂಡಿನ ಚಿಹ್ನೆ ಹೀಗೆ ಸಾಲಾಗಿ ಕುಳಿತಿರುತ್ತದೆ. ಅಂಥ ಕಡತವನ್ನು ಸರಳ ಪಠ್ಯಕ್ಕೆ ಪರಿವರ್ತಿಸಿದರೆ ಫಾಂಟಿನ ಮಾಹಿತಿಯೂ ಕಳೆದುಹೋಗಿ, ಅರ್ಥವಿಲ್ಲದ ಚಿಹ್ನೆಗಳ ಸಾಲಷ್ಟೇ ಉಳಿಯುತ್ತದೆ. ಇದನ್ನು ಕಂಡು ಕಡತವೇ ಹಾಳಾಗಿದೆ ಎಂದು ಭಾವಿಸಿ ಅಳಿಸಿಬಿಡುವವರು ಇರಬಹುದು. ದಯವಿಟ್ಟು ಹಾಗೆ ಮಾಡಬೇಡಿ. ಹುಡುಕಬೇಕಾದ ಪದವನ್ನು ನುಡಿಯಲ್ಲಿ ಟೈಪಿಸಿ, ಅದರ ಸಂಕೇತರೂಪವನ್ನು ನಕಲು ಮಾಡಿಕೊಂಡು, ಅದನ್ನೇ ಗ್ರೆಪ್‌ಗೆ ಕೊಟ್ಟರೆ ಅಂಥ ಕಡತಗಳೂ ಸಿಗುತ್ತವೆ. ಸಿಕ್ಕಿದ ಮೇಲೆ ಯೂನಿಕೋಡ್‌ಗೆ ಪರಿವರ್ತಿಸುವ ಉಚಿತ ಸಾಧನಗಳಿವೆ. ಅರ್ಕಾವತ್ತು ಮತ್ತು ಒತ್ತಕ್ಷರಗಳಿರುವ ಕಡೆ ಮಾತ್ರ ಕಣ್ಣಿಟ್ಟು ತಿದ್ದಬೇಕು. ಜನಪದ ಹಾಡಿನ ಪಾಠದಲ್ಲಿ ಒಂದು ಒತ್ತು ತಪ್ಪಿದರೂ ಹಾಡಿದವರ ನಾಲಿಗೆಯ ರೂಪ ಬದಲಾಗುತ್ತದೆ ಎಂಬ ಕಾರಣಕ್ಕೆ ನಾನು ಇವನ್ನು ಧ್ವನಿಮುದ್ರಣದೊಂದಿಗೆ ಇಟ್ಟು ಓದುತ್ತಿದ್ದೇನೆ, ಆ ಕೆಲಸ ಇನ್ನೂ ನಡೆದಿದೆ.

ಫೋಟೋರೆಕ್‌ನ ಮಿತಿಗಳನ್ನೂ ಹೇಳಬೇಕು. ಡಿಸ್ಕಿನ ಬೇರೆ ಬೇರೆ ಕಡೆ ತುಂಡಾಗಿ ಕುಳಿತ ಕಡತವನ್ನು ಅದು ಜೋಡಿಸುವುದು ಅಪರೂಪ. ದೊಡ್ಡ ವಿಡಿಯೋಗಳಲ್ಲಿ ಇದರ ಪೆಟ್ಟು ಹೆಚ್ಚು, ನನಗೆ ಸಿಕ್ಕಿದ ಕೆಲವು ವಿಡಿಯೋಗಳು ತೆರೆಯಲೇ ಇಲ್ಲ. ಆರಂಭದ ಗುರುತೇ ಇಲ್ಲದ ಸರಳ ಪಠ್ಯ ಕಡತಗಳ ಫಲಿತಾಂಶವೂ ಗೋಜಲಾಗಿರುತ್ತದೆ. ಡಿಸ್ಕ್ ವಿಂಡೋಸಿನ ಬಿಟ್‌ಲಾಕರ್ ಎಂಬ ಸೌಲಭ್ಯದಿಂದ ಗೂಢಲಿಪಿಗೊಂಡಿದ್ದರೆ 48 ಅಂಕಿಗಳ ರಿಕವರಿ ಕೀ ಇಲ್ಲದೆ ಇಮೇಜಿನಲ್ಲಿ ಏನೂ ಕಾಣುವುದಿಲ್ಲ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಈ ಗೂಢಲೀಕರಣ ತಾನಾಗಿಯೇ ಚಾಲೂ ಆಗಿರಬಹುದಾದ್ದರಿಂದ, ಮೈಕ್ರೋಸಾಫ್ಟ್ ಖಾತೆಯಲ್ಲಿ ಆ ಕೀ ಇದೆಯೇ ಎಂದು ಯಂತ್ರ ಚೆನ್ನಾಗಿರುವಾಗಲೇ ನೋಡಿ ಬರೆದಿಟ್ಟುಕೊಳ್ಳಬೇಕು. ತಿರುಗುವ ತಟ್ಟೆಯಿಲ್ಲದ ಎಸ್‌ಎಸ್‌ಡಿ ಡ್ರೈವಿನಲ್ಲಿ ಅಳಿಸಿದ ಕಡತಗಳಾದರೆ ಆಸೆ ಇನ್ನೂ ಕಡಿಮೆ. ಕಡತ ಅಳಿದ ಜಾಗ ಇನ್ನು ಬೇಡ ಎಂದು ತಿಳಿಸುವ ಟ್ರಿಮ್ ಎಂಬ ಆದೇಶ ತಲುಪಿದ ಮೇಲೆ ಆ ಜಾಗವನ್ನು ಡ್ರೈವ್ ತಾನೇ ಖಾಲಿ ಮಾಡಿಬಿಡುವುದರಿಂದ ಯಾವ ತಂತ್ರಾಂಶಕ್ಕೂ ಅಲ್ಲಿ ಓದಲು ಏನೂ ಉಳಿದಿರುವುದಿಲ್ಲ.

ಬಳಕೆಯ ಸುಲಭತೆಯಲ್ಲಿ ಫೋಟೋರೆಕ್‌ಗೆ ಐದರಲ್ಲಿ ಮೂರು ಅಂಕ ಕೊಡುತ್ತೇನೆ. ಕ್ಯೂಫೋಟೋರೆಕ್ ಎಂಬ ಕಿಟಕಿಯುಳ್ಳ ರೂಪವೂ ಇರುವುದರಿಂದ ಟರ್ಮಿನಲ್ ಎಂದರೆ ಹಿಂಜರಿಯುವವರೂ ಬಳಸಬಹುದು. ಆದರೆ ಕಡತದ ಬಗೆಗಳ ಪಟ್ಟಿಯಲ್ಲಿ ಬೇಕಾದವನ್ನು ಮಾತ್ರ ಆರಿಸಿಕೊಳ್ಳದಿದ್ದರೆ ರಾಶಿಯ ಗಾತ್ರ ಕಂಗೆಡಿಸುತ್ತದೆ. ಡಿಡಿರೆಸ್ಕ್ಯೂಗೆ ಸುಲಭತೆಯಲ್ಲಿ ಎರಡೇ ಅಂಕ, ವಿಶ್ವಾಸಾರ್ಹತೆಯಲ್ಲಿ ಪೂರ್ಣ ಐದು. ಖರ್ಚು ಆಗುವುದು ತಂತ್ರಾಂಶಕ್ಕಲ್ಲ, ಜಾಗಕ್ಕೆ. 1 ಟಿಬಿ ಡಿಸ್ಕಿನ ಇಮೇಜ್ ಮತ್ತು ಅದರಿಂದ ಹೊರಬರುವ ಕಡತಗಳು ಎರಡೂ ಹಿಡಿಸಲು 2 ಟಿಬಿಯ ಬಾಹ್ಯ ಡಿಸ್ಕ್ ಬೇಕು. ಹಾಳಾದ ಲ್ಯಾಪ್‌ಟಾಪ್ ಎದುರಿಗಿದ್ದು, ಡಿಸ್ಕಿನಿಂದ ಸದ್ದಿಲ್ಲದೆ, ಒಳಗಿನ ಬರಹ ಬೇಕೇ ಬೇಕು ಎನ್ನುವವರು ಮೊದಲು ಆ ಬಾಹ್ಯ ಡಿಸ್ಕನ್ನು ಕೊಂಡು ತನ್ನಿ. ಅದು ಕೈಸೇರುವವರೆಗೆ ಕೆಟ್ಟ ಡಿಸ್ಕಿಗೆ ವಿದ್ಯುತ್ ಕೊಡಬೇಡಿ.