ಅವ್ವನ ಎದೆಯೊಳಗಿನ ಕ್ಲಿಪ್‌ಗೆ ಮೂರು ವರ್ಷ

ಹಾರ್ಟ್ ಅಟ್ಯಾಕ್ ಆಗಿ ಎರಡು ವರ್ಷಕ್ಕೆ ಅವ್ವನಿಗೆ ಉಬ್ಬಸ ಶುರುವಾಯಿತು. ಮೂರು ದಿಂಬಿಗೆ ಒರಗಿ ಕೂತೇ ಬೆಳಗು ಮಾಡುತ್ತಿದ್ದಳು. "ಮಲಗಿದ್ರೆ ಉಸುರು ಕಟ್ಟಂಗಾಯ್ತದೆ ಕಣಪ್ಪ" ಅನ್ನೋಳು. ಒಂದೇ ವರ್ಷದಲ್ಲಿ ನಾಲ್ಕು ಸಲ ಮಂಡ್ಯದಿಂದ ಮೈಸೂರಿಗೆ ಓಡಿದೆವು. ಹೃದಯ ಹಿಗ್ಗಿದ್ದರಿಂದ ಅದರ ಎಡಗಡೆಯ ಎರಡು ಕೋಣೆಗಳ ನಡುವಿನ ಬಾಗಿಲಿನಂಥ ಮೈಟ್ರಲ್ ಕವಾಟದ ಎರಡು ಎಸಳು ಒಂದಕ್ಕೊಂದು ತಾಗುತ್ತಿಲ್ಲ, ರಕ್ತ ಹಿಂದಕ್ಕೆ ಸೋರುತ್ತಿದೆ ಎಂದರು. ಎದೆ ತೆರೆಯುವ ಆಪರೇಷನ್ ಅವಳ ದೇಹ ತಡೆಯುವಂತಿರಲಿಲ್ಲ.

ಆಗ ಹೇಳಿದ್ದು ಕ್ಲಿಪ್. ಎಸಳುಗಳನ್ನು ನಡುವೆ ಹೊಲಿದು ಕೂಡಿಸುವ ಉಪಾಯ ಇಟಲಿಯ ಸರ್ಜನ್ ಒಟ್ಟಾವಿಯೊ ಆಲ್ಫಿಯೇರಿ ಅವರದು; ಆ ಹೊಲಿಗೆಯ ಕೆಲಸವನ್ನೇ ಇದು ಮಾಡುತ್ತದೆ. ತೊಡೆಸಂದಿನ ರಕ್ತನಾಳದಿಂದ ಕೊಳವೆಯೊಂದನ್ನು ಹೊಗಿಸಿ, ಹೃದಯದ ನಡುಗೋಡೆ ದಾಟಿ, ಬಡಿಯುತ್ತಿರುವ ಹೃದಯದೊಳಗೇ ಕೂರಿಸುತ್ತಾರೆ.

ನನಗೆ ಧೈರ್ಯ ಬಂದದ್ದು ಒಂದು ಮಾತಿನಿಂದ: ಕೊಳವೆಯಿಂದ ಬಿಡಿಸುವ ತನಕ ಕ್ಲಿಪ್ ತೆರೆದು ಮತ್ತೆ ಹಿಡಿಸಬಹುದು. ಅವ್ವನಿಗೆ ಹಾಗೇ ಆಯಿತು. ಮೊದಲ ಹಿಡಿತಕ್ಕೆ ಎಕೋದಲ್ಲಿ, ಅಂದರೆ ಹೃದಯದ ಸ್ಕ್ಯಾನಿಂಗ್‌ನಲ್ಲಿ, ಸೋರಿಕೆ ಹಾಗೇ ಕಂಡಿತಂತೆ. ತೆರೆದು, ಕೊಂಚ ಸರಿಸಿ, ಮತ್ತೆ ಹಿಡಿದರು. ಮೂರನೇ ಸಲಕ್ಕೆ ಸೋರಿಕೆ ಬಹಳ ಇಳಿದ ಮೇಲೆಯೇ ಬಿಟ್ಟದ್ದು. ಇನ್ನೊಂದು ಕ್ಲಿಪ್ ಹಾಕಿ ಪೂರ್ತಿ ನಿಲ್ಲಿಸಬಾರದಿತ್ತೇ ಎಂದು ಕೇಳಿದೆ. ದಾರಿ ತೀರಾ ಕಿರಿದಾದರೆ ರಕ್ತ ಮುಂದಕ್ಕೂ ಸಲೀಸಾಗಿ ಹೋಗದೆ ಮತ್ತೆ ಶ್ವಾಸಕೋಶಕ್ಕೇ ಒತ್ತಡ ಬೀಳುತ್ತದೆ ಎಂದರು ಡಾಕ್ಟರು.

ಮೂರನೇ ವಾರಕ್ಕೆ ಅವ್ವ ಒಂದೇ ದಿಂಬಿನಲ್ಲಿ ಮಲಗಿದಳು. ಆ ರಾತ್ರಿ ಅವಳ ಉಸಿರು ಕೇಳುತ್ತಾ ನಾನು ಎಚ್ಚರವಾಗಿಯೇ ಇದ್ದೆ. ಮೂರು ವರ್ಷದಲ್ಲಿ ಅಡ್ಮಿಟ್ ಆದದ್ದು ಒಮ್ಮೆ, ಅದೂ ಹಬ್ಬದ ಊಟದಲ್ಲಿ ಉಪ್ಪು ಹೆಚ್ಚಾಗಿ ಕಾಲು ಊದಿಕೊಂಡಾಗ. ಕ್ಲಿಪ್ ಹಾಕಿದರೆ ಮಾತ್ರೆ ತಪ್ಪುತ್ತದೆ ಅಂದುಕೊಳ್ಳಬೇಡಿ. ಮೈಯಲ್ಲಿ ನಿಂತ ನೀರು ಇಳಿಸುವ ಮಾತ್ರೆ, ಬೆಳಗಿನ ತೂಕ, ಸಪ್ಪೆ ಬಸ್ಸಾರು ಎಲ್ಲ ಹಾಗೇ ಇವೆ. ದುರ್ಬಲವಾದ ಹೃದಯ ದುರ್ಬಲವೇ.

ಎಲ್ಲರಿಗೂ ಇದು ಹೊಂದುವುದೂ ಇಲ್ಲ. 2018ರ ಕೊಆಪ್ಟ್ ಅಧ್ಯಯನದಲ್ಲಿದ್ದ 614 ಜನ ಅವ್ವನಂಥವರೇ. ಎರಡು ವರ್ಷದೊಳಗೆ ಬರೀ ಔಷಧಿಯಲ್ಲಿದ್ದವರಲ್ಲಿ ಶೇ. 46.1, ಕ್ಲಿಪ್ ಕೂಡ ಇದ್ದವರಲ್ಲಿ ಶೇ. 29.1 ಮಂದಿ ತೀರಿಕೊಂಡರು. ಆದರೆ ಅವರನ್ನು ಎಕೋ ನೋಡಿ, ಔಷಧಿ ಸರಿಯಾಗಿ ಕೊಟ್ಟು ನೋಡಿ ಆರಿಸಿದ್ದರು.

ಬಿಲ್ಲಿನಲ್ಲಿ ಬಹುಪಾಲು ಕ್ಲಿಪ್‌ನದೇ; ಗದ್ದೆಯ ಮೇಲೆ ಸಾಲ ತೆಗೆದೆವು. ಎರಡು ಬೇಕಾದರೆ ಎಷ್ಟಾಗುತ್ತದೆಂದು ಮೊದಲೇ ಬರೆಸಿಕೊಳ್ಳಿ.

ನನಗೆ ಇಂದಿಗೂ ಸಿಟ್ಟಿರುವುದು ಇಂಪ್ಲಾಂಟ್ ಕಾರ್ಡಿನ, ಅಂದರೆ ಒಳಗೆ ಕೂರಿಸಿದ ಕ್ಲಿಪ್ ಯಾವುದೆಂದು ಬರೆದಿರುವ ಕಾರ್ಡಿನ, ವಿಷಯಕ್ಕೆ. ಡಿಸ್ಚಾರ್ಜ್ ದಿನ ಆಸ್ಪತ್ರೆಯವರು ಕೊಡಲಿಲ್ಲ, ನಮಗೂ ಗೊತ್ತಿರಲಿಲ್ಲ. ಕಳೆದ ವರ್ಷ ಅವ್ವನ ಬೆನ್ನಿಗೆ ಎಂಆರ್‌ಐ ಬರೆದಾಗ, ಒಳಗಿರುವುದು ಯಾವ ಕ್ಲಿಪ್ ಎಂದು ತಿಳಿಯದೆ ಸ್ಕ್ಯಾನ್ ಮಾಡಲ್ಲ ಎಂದರು. ಅವರು ಕೇಳಿದ್ದು ಸರಿಯೇ. ಕಾರ್ಡಿಗಾಗಿ ಮೂರು ಸಲ ಅಲೆದೆ, ಅಷ್ಟು ದಿನ ಅವ್ವ ನೋವು ತಿಂದಳು. ಈಗ ಅದು ಅವಳ ಎಲೆಅಡಿಕೆ ಚೀಲದಲ್ಲಿದೆ, ಫೋಟೋ ನನ್ನ ಫೋನಿನಲ್ಲಿದೆ.